ಟ್ರೇಲರ್‌ನ ದೀಪ ಆರಿಸಿಕೊಟ್ಟವರು

“ಲೈಟ್ ಆರಿಸ್ಕೊಡಿ, ಸಾಕು. ಬೇರೆ ಏನೂ ಬಿಚ್ಚಕ್ಕೆ ಹೋಗ್ಬೇಡಿ.”

ಸಾರಿಗೆ ಕಂಪನಿಯ ಸೂಪರ್‌ವೈಸರ್ ಫೋನಿನಲ್ಲಿ ಹೇಳಿದ್ದು ಇಷ್ಟೇ. ಗಾಡಿಗೆ ಏನಾಗಿದೆ ಅಂತ ಕೇಳಲಿಲ್ಲ. ಬ್ರೇಕಿನ ಎಚ್ಚರಿಕೆ ದೀಪ ಉರಿಯುತ್ತಿದ್ದರೆ ಅವರಿಗೆ ತೊಂದರೆ ಕೊಡುತ್ತಿದ್ದದ್ದು ಬ್ರೇಕಲ್ಲ, ದೀಪ. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದಲೇ.

ಹಾಸನದ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ ನಮ್ಮ ಗ್ಯಾರೇಜು. ಬ್ರೇಕು, ಆಕ್ಸಲ್, ಚಕ್ರದ ಕೆಲಸ ನಮ್ಮ ಯಜಮಾನರದು, ಅಂದರೆ ನನ್ನ ಗಂಡನದು. ವೈರಿಂಗು, ಸೆನ್ಸರು, ಮೀಟರ್ ಹಿಡಿಯುವ ಕೆಲಸ ನನ್ನದು. ಹೊಸ ಡ್ರೈವರುಗಳು ಬಂದವರೇ ಅವರ ಹತ್ತಿರ ಹೋಗಿ ಲೈಟಿನ ವಿಷಯ ಹೇಳುತ್ತಾರೆ. ಅವರು ನನ್ನ ಕಡೆ ಕೈ ತೋರಿಸುತ್ತಾರೆ. ಬಂದವರು ಹೆಂಗಸಾ ಎಂದು ನನ್ನನ್ನು ನೋಡಿ, ಅವರಿಗೇ ಇನ್ನೊಂದು ಸಲ ಮೊದಲಿನಿಂದ ಹೇಳುತ್ತಾರೆ. ಇದಕ್ಕೆಲ್ಲ ನಾನು ಸಿಟ್ಟು ಮಾಡಿಕೊಳ್ಳುವುದು ಬಿಟ್ಟು ಬಹಳ ಕಾಲವಾಯಿತು.

ಅವತ್ತು ಬಂದ ಡ್ರೈವರ್ ಹಾಗೆ ಮಾಡಲಿಲ್ಲ. ಅರಕಲಗೂಡಿನ ಕಡೆಯವರು, ಶಿರಾಡಿ ಘಾಟಿ ಇಳಿದು ಹತ್ತುವುದರಲ್ಲೇ ತಲೆ ನೆರೆದವರು. ಕಂಟೇನರ್ ಹೊರುವ ಉದ್ದನೆಯ ಟ್ರೇಲರನ್ನು ಖಾಲಿಯಾಗಿ ತಂದು ನಿಲ್ಲಿಸಿ ನೇರ ನನ್ನ ಹತ್ತಿರವೇ ಬಂದರು.

“ಅವ್ವಾ, ಕೀ ಆಕಿದ್ರೆ ಅಳದಿ ಲೈಟು ಅತ್ಕತದೆ. ಅದು ಸರಿ. ಗಾಡಿ ಒಂಟ್ ಮ್ಯಾಲೆ ಆರ್ಬೇಕಲ್ಲ, ಆರಾಕಿಲ್ಲ. ಒಂದೊಂದ್ ದಪ ಆರ್ತದೆ, ತಿರುವಲ್ಲಿ ತಿರ್ಗಾ ಅತ್ಕತದೆ. ಎಂಗ್ ಓಡ್ಸಾದು ಏಳಿ.”

ಅವರು ಹೇಳಿದ್ದು ಟ್ರೇಲರ್‌ನ ಎಬಿಎಸ್ ದೀಪದ ವಿಷಯ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಪೂರ್ತಿ ಕಚ್ಚಿಕೊಂಡು ಜಾರಬಾರದು ಎಂದು ಇರುವ ಏರ್ಪಾಡು ಅದು. ಚಕ್ರದ ನಡುಭಾಗದ ಹಬ್ಬಿನಲ್ಲಿ ಹಲ್ಲುಹಲ್ಲಾಗಿರುವ ಒಂದು ಬಳೆ ತಿರುಗುತ್ತದೆ. ಪಕ್ಕದಲ್ಲಿ ಬೆರಳುದ್ದದ ಸೆನ್ಸರ್ ಕೂತು ಆ ಹಲ್ಲುಗಳನ್ನು ಎಣಿಸುತ್ತದೆ. ಎಣಿಕೆ ತಪ್ಪಿದರೆ ಡ್ರೈವರ್ ಮುಂದೆ ಹಳದಿ ದೀಪ ಹತ್ತುತ್ತದೆ. ಅದು ಉರಿಯುತ್ತಿರುವಾಗಲೂ ಬ್ರೇಕ್ ಹಿಡಿಯುತ್ತದೆ, ಗಾಡಿ ಓಡುತ್ತದೆ. ಅದಕ್ಕೇ ಎಷ್ಟೋ ಜನ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಒದ್ದೆ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದು, ಹೊರೆ ತುಂಬಿದ ಟ್ರೇಲರ್‌ಗೆ ಏಕಾಏಕಿ ಬ್ರೇಕ್ ಹಾಕಿದರೆ, ಹಿಂಭಾಗ ಪಕ್ಕಕ್ಕೆ ತಿರುಗಿ ರಸ್ತೆಯನ್ನೇ ಗುಡಿಸಿಕೊಂಡು ಬರುತ್ತದೆ. ಹಾಗೆ ಬಂದದ್ದನ್ನು ಕಂಡವರು ಆ ದೀಪದ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ.

ಮೊದಲು ಫ್ಯೂಸ್ ನೋಡಿದೆ, ಸರಿಯಿತ್ತು. ಆಮೇಲೆ ಎಳೆಯುವ ಗಾಡಿಯಿಂದ ಟ್ರೇಲರ್‌ಗೆ ಹೋಗುವ ಸುರುಳಿ ಕೇಬಲ್ ಕಳಚಿದೆ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕೇಬಲ್ಲಿನ ಹೊದಿಕೆ ಒಂದು ಕಡೆ ಚಾಸಿಗೆ ಉಜ್ಜಿ ಉಜ್ಜಿ ಸವೆದು ಒಳಗಿನ ತಂತಿ ಕಾಣುತ್ತಿತ್ತು. ತಿರುವಿನಲ್ಲಿ ದೀಪ ಹತ್ತುವುದಕ್ಕೆ ಇದೇ ಕಾರಣವಿರಬಹುದು ಎಂದು ಸಮಾಧಾನವಾಯಿತು. ಪಿನ್ ಉಜ್ಜಿ, ತಂತಿ ಬೆಸೆದು, ಕೇಬಲ್ ಎಲ್ಲೂ ತಾಗದ ಹಾಗೆ ಎತ್ತಿ ಕಟ್ಟಿದೆ. ಡ್ರೈವರ್ ಜೊತೆ ನಾನೇ ಕೂತು ಹೆದ್ದಾರಿಯಲ್ಲಿ ಹೋದೆ. ದೀಪ ಆರಿತು. ವಾಪಸ್ ಬರಲು ಗಾಡಿ ತಿರುಗಿಸಿದೆವು, ಮತ್ತೆ ಹತ್ತಿತು.

“ನಾ ಏಳ್ಲಿಲ್ವಾ,” ಅಂದರು ಡ್ರೈವರ್. ಅವರ ಧ್ವನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ.

ಇನ್ನು ಉಳಿದದ್ದು ಸೆನ್ಸರುಗಳು. ಆ ಟ್ರೇಲರ್‌ನ ಮೂರು ಆಕ್ಸಲ್‌ಗಳಲ್ಲಿ ನಡುವಿನದಕ್ಕೆ ಮಾತ್ರ, ಎಡಕ್ಕೊಂದು ಬಲಕ್ಕೊಂದು ಸೆನ್ಸರ್. ಎರಡರ ಪ್ಲಗ್ಗೂ ಬಿಚ್ಚಿ ಮೀಟರ್ ಇಟ್ಟೆ. ಒಳಗಿನ ಸುರುಳಿಗಳು ಸರಿಯಿದ್ದವು, ತಂತಿ ಎಲ್ಲೂ ಕಡಿದಿರಲಿಲ್ಲ. ಮುಂದಿನ ಪರೀಕ್ಷೆಗೆ ಚಕ್ರ ಮೇಲೆತ್ತಬೇಕು. ಯಜಮಾನರು ಬೇರೆ ಚಕ್ರಗಳಿಗೆ ಅಡೆ ಕೊಟ್ಟು, ಜಾಕ್ ಏರಿಸಿ, ಪಾರ್ಕಿಂಗ್ ಬ್ರೇಕ್ ಬಿಡಿಸಿದರು. ಕೈಯಲ್ಲಿ ಚಕ್ರ ತಿರುಗಿಸುವಾಗ ಸೆನ್ಸರ್‌ನಿಂದ ಸಣ್ಣ ವಿದ್ಯುತ್ ಹುಟ್ಟಬೇಕು. ಎಡಗಡೆ ಮೀಟರಿನ ಅಂಕಿ ಚೆನ್ನಾಗಿ ಏರಿತು. ಬಲಗಡೆ ಇದ್ದೂ ಇಲ್ಲದ ಹಾಗೆ. ಟಾರ್ಚ್ ಬಿಟ್ಟು ನೋಡಿದರೆ ಸೆನ್ಸರ್ ಹಲ್ಲಿನ ಬಳೆಯಿಂದ ಹಿಂದಕ್ಕೆ ಸರಿದು ಕೂತಿತ್ತು. ಅಷ್ಟು ದೂರದಿಂದ ಅದು ಹಲ್ಲು ಎಣಿಸುವುದಾದರೂ ಹೇಗೆ?

ಸೆನ್ಸರನ್ನು ಬಿಗಿಯಾಗಿ ಹಿಡಿದಿರಬೇಕಾದ ಬುಶ್ ಬದಲಾಯಿಸಿ, ಬಳೆಗೆ ತಾಗುವಷ್ಟು ಒಳಕ್ಕೆ ಒತ್ತಿದೆ. ಈಗ ಮೀಟರಿನ ಅಂಕಿ ಈ ಕಡೆಯೂ ಏರಿತು. ಅಷ್ಟರಲ್ಲಿ ಯಜಮಾನರು ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಅವರ ಮುಖ ಸಣ್ಣಗಾಯಿತು.

“ಸೊಲ್ಪ ಆಟ ಐತೆ ಕಣೆ, ಅಳ್ಳಾಡ್ತದೆ. ಬೇರಿಂಗ್ ನೋಡ್ಬೇಕು.”

ಸೂಪರ್‌ವೈಸರ್‌ಗೆ ಫೋನ್ ಮಾಡಿದೆವು. ಹಬ್ ಬಿಚ್ಚಿದರೆ ಗಾಡಿ ಒಂದು ದಿನ ನಿಲ್ಲುತ್ತದೆ ಅಂದ ಕೂಡಲೇ ಅವರು ನಡುವೆಯೇ ತಡೆದರು. “ಲೈಟ್ ಆರ್ತಾ ಇಲ್ವಾ? ಆರ್ತು ತಾನೆ? ಕಳ್ಸಿ ಮತ್ತೆ. ಬೇರಿಂಗು ಗೀರಿಂಗು ಎಲ್ಲ ಮುಂದಿನ ಸರ್ವೀಸಲ್ಲಿ ನೋಡಣ.”

ನಾನು ಫೋನ್ ಇಸಿದುಕೊಂಡು ಬಿಡಿಸಿ ಹೇಳಿದೆ. ಸೆನ್ಸರ್‌ಗೆ ಕಾಲಿಲ್ಲ, ತಾನಾಗಿ ಹಿಂದಕ್ಕೆ ನಡೆಯುವುದಿಲ್ಲ. ಬುಶ್ ಸಡಿಲವಾಗಿ ಸರಿದಿದ್ದರೆ ಈಗ ಸರಿಹೋಯಿತು. ಹಬ್ಬೇ ಓಲಾಡಿ ತಳ್ಳುತ್ತಿದ್ದರೆ ದೀಪ ಮತ್ತೆ ಹತ್ತುತ್ತದೆ. ಹತ್ತಿದರೆ ಲೋಡ್ ಮಾಡುವ ಮುಂಚೆ ಇಲ್ಲಿಗೆ ತನ್ನಿ. ಅವರು “ಆಯ್ತು ಮೇಡಂ, ಆಯ್ತು ಮೇಡಂ” ಎಂದು ಎರಡು ಸಲ ಅಂದರು. ಗಾಡಿ ಹೋಯಿತು.

ದೀಪ ಮತ್ತೆ ಹತ್ತಿತಂತೆ, ಮಾರನೆಯ ದಿನವೇ. ಅದು ನನಗೆ ಗೊತ್ತಾದದ್ದು ಕೆಲವು ದಿನ ಕಳೆದ ಮೇಲೆ, ಅದೇ ಡ್ರೈವರ್ ಅದೇ ಟ್ರೇಲರನ್ನು ಹೊರೆ ಸಮೇತ ನಮ್ಮ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದಾಗ.

ಚನ್ನರಾಯಪಟ್ಟಣದ ಕಡೆಯ ಒಂದು ಕಾರ್ಖಾನೆಯಲ್ಲಿ ಮಿಡಿಸೌತೆಯನ್ನು ಉಪ್ಪುನೀರಿನ ಡ್ರಮ್ಮುಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುತ್ತಾರೆ. ಆ ಡ್ರಮ್ಮುಗಳ ಕಂಟೇನರ್ ಟ್ರೇಲರ್ ಮೇಲಿತ್ತು. ಸಕಲೇಶಪುರ ದಾಟಿ, ಘಾಟಿ ಇಳಿದು, ಮಂಗಳೂರಿನ ಬಂದರು ಸೇರಬೇಕು. ದಾರಿಯಲ್ಲಿ ನಾವು ಸಿಗುತ್ತೇವೆ. ಡ್ರೈವರ್ ಇಳಿದು ಬಂದು ಮೆಲ್ಲಗೆ ಹೇಳಿದರು.

“ಅವ್ವಾ, ಪಟ್ಟಣದಲ್ಲಿ ಒಂದ್ ಕಡೆ ಬುಟ್ಟು ಲೈಟ್ ರಿಪೇರಿ ಮಾಡ್ಸವ್ರೆ. ನನ್ ಎದ್ರಿಗ್ ಮಾಡ್ಸ್‌ನಿಲ್ಲ. ಈಗ ಆರ್ತದೆ. ಆದ್ರೆ ಗಾಡಿ ನಿಂತಿದ್ದಂಗೇ ಆರೋಯ್ತದೆ ಕಣವ್ವಾ. ಮದ್ಲು ಚಕ್ರ ಉಳ್ಳಿದ್ ಮ್ಯಾಲಲ್ವಾ ಆರ್ತಿದ್ದುದ್ದು? ಯಾಕೋ ನಂಗೆ ಸರಿ ಬರ್ಲಿಲ್ಲ.”

ನನಗೂ ಸರಿ ಬರಲಿಲ್ಲ. ಆ ಗಾಡಿಯ ದೀಪ ಚಕ್ರ ಉರುಳುವವರೆಗೆ ಉರಿಯುತ್ತಿದ್ದದ್ದನ್ನು ನಾನೇ ಪಕ್ಕದಲ್ಲಿ ಕೂತು ನೋಡಿದ್ದೆ. ಕ್ಯಾಬಿನ್ ಹತ್ತಿ ಕೀ ತಿರುಗಿಸಿದೆ. ದೀಪ ಹತ್ತಿತು, ಎರಡು ಉಸಿರಿನ ಹೊತ್ತು ಇದ್ದು ತಣ್ಣಗೆ ಆರಿತು. ಗಾಡಿ ಕದಲಿರಲಿಲ್ಲ.

ಇಳಿದು ಹೋಗಿ ನಡುವಿನ ಆಕ್ಸಲ್‌ನ ಬಲಗಡೆ ಸೆನ್ಸರ್‌ನ ಪ್ಲಗ್ ಕಿತ್ತೆ. ಈಗ ದೀಪ ಆರಲೇಬಾರದು. ಕೀ ಹಾಕಿದೆ, ಆರಿತು. ಎಡಗಡೆಯದನ್ನೂ ಕಿತ್ತೆ, ಆರಿತು. ಕೊನೆಗೆ ಕ್ಯಾಬಿನ್ ಹಿಂದಿನ ಸುರುಳಿ ಕೇಬಲ್ಲನ್ನೇ ಕಳಚಿ ಕೈಯಲ್ಲಿ ಹಿಡಿದುಕೊಂಡು, ಡ್ರೈವರ್‌ಗೆ ಕೀ ಹಾಕಲು ಹೇಳಿದೆ. ಆಗಲೂ ಆರಿತು. ಹಿಂದಿನ ಟ್ರೇಲರನ್ನೇ ಬಿಚ್ಚಿಟ್ಟು ಹೋದರೂ ಆ ದೀಪ ಎಲ್ಲ ನೆಟ್ಟಗಿದೆ ಎಂದೇ ಹೇಳುತ್ತಿತ್ತು.

ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ತೆಗೆದೆ. ಕಪ್ಪು ಟೇಪು ಸುತ್ತಿದ ಒಂದು ಗಂಟು ಕೈಗೆ ಸಿಕ್ಕಿತು. ಬಿಚ್ಚಿದರೆ ಒಳಗೆ ಸಣ್ಣ ಟೈಮರ್ ರಿಲೇ. ಟ್ರೇಲರ್‌ನಿಂದ ಬರುವ ತಂತಿಯನ್ನು ಕತ್ತರಿಸಿ, ತುದಿ ಮಡಚಿ, ಟೇಪು ಸುತ್ತಿ ಬಿಟ್ಟಿದ್ದರು. ದೀಪಕ್ಕೆ ಹೋಗುವ ತಂತಿಯನ್ನು ಟೈಮರ್‌ಗೆ ಕೊಟ್ಟಿದ್ದರು. ಕೀ ಹಾಕಿದರೆ ಟೈಮರ್ ದೀಪ ಹತ್ತಿಸುತ್ತದೆ, ಆಮೇಲೆ ಆರಿಸುತ್ತದೆ. ಚಕ್ರದಲ್ಲಿ ಏನಾದರೂ ಆಗಲಿ, ಅದಕ್ಕೆ ಸಂಬಂಧವಿಲ್ಲ.

ಬಲ್ಬ್ ಕಿತ್ತು ಬಿಸಾಡುವವರನ್ನು ನಾನು ಕಂಡಿದ್ದೇನೆ. ಅದು ಸೋಮಾರಿತನ. ದೀಪವೇ ಹತ್ತದಿದ್ದರೆ ಡ್ರೈವರ್‌ಗಾದರೂ ಗೊತ್ತಾಗುತ್ತದೆ, ಇಲ್ಲೇನೋ ಇಲ್ಲ ಎಂದು. ಇದು ಹಾಗಲ್ಲ. ಕೂತು ಯೋಚಿಸಿ, ಚೊಕ್ಕ ಬೆಸುಗೆ ಹಾಕಿ, ಓಡಿಸುವವನ ಕಣ್ಣಿಗೇ ಮೋಸ ಮಾಡಲು ಕಟ್ಟಿದ ಕೆಲಸ. ಬೆಸುಗೆ ಚೆನ್ನಾಗಿತ್ತು ಎಂಬುದೇ ನನ್ನನ್ನು ಹೆಚ್ಚು ಉರಿಸಿತು. ಇಷ್ಟು ಕೈ ಬಲ್ಲವನು ಅದೇ ಹೊತ್ತಿನಲ್ಲಿ ಸೆನ್ಸರ್ ನೋಡಬಹುದಿತ್ತು.

ಡ್ರೈವರ್ ಮೆಟ್ಟಿಲ ಮೇಲೆ ಕೂತುಬಿಟ್ಟರು. “ಅಂಗಾರೆ ಇಷ್ಟ್ ದಿವ್ಸ ನಾನ್ ನೋಡ್ಕಂಡ್ ಓಡಿಸ್ತಿದ್ದುದ್ದು ಏನ?” ಅಂದರು.

ಯಜಮಾನರು ಅಷ್ಟರಲ್ಲಿ ಟ್ರೇಲರ್ ಪಕ್ಕ ಒಂದೊಂದೇ ಹಬ್ಬಿನ ಹತ್ತಿರ ಅಂಗೈ ಹಿಡಿಯುತ್ತಾ ಹೋಗುತ್ತಿದ್ದರು. ಉಳಿದವು ಬೆಚ್ಚಗಿದ್ದವು. ನಡು ಆಕ್ಸಲ್‌ನ ಬಲಗಡೆ ಬಂದಾಗ ಕೈ ಹಿಂದಕ್ಕೆಳೆದುಕೊಂಡರು. ಸುಟ್ಟ ಗ್ರೀಸಿನ ವಾಸನೆ ನನಗೂ ಬಂತು. ಚನ್ನರಾಯಪಟ್ಟಣದಿಂದ ಹಾಸನದವರೆಗೆ, ಹೆಚ್ಚು ಕಡಿಮೆ ಸಮತಟ್ಟಾದ ರಸ್ತೆಯಲ್ಲಿ ಬಂದದ್ದಕ್ಕೇ ಈ ಬಿಸಿ. ಮುಂದಿರುವುದು ಘಾಟಿ.

ನಾನು ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಹಾಸನದಲ್ಲೇ ಇದ್ದ ಅವರು ಬೈಕಿನಲ್ಲಿ ಬೇಗ ಬಂದರು. ನನಗಿಂತ ಚಿಕ್ಕವರು, ಇಸ್ತ್ರಿ ಮಾಡಿದ ಅಂಗಿ, ಕಿವಿಯಿಂದ ಇಳಿಯದ ಫೋನು. ನಾನು ಟೈಮರನ್ನು ಅವರ ಮುಂದೆ ಹಿಡಿದೆ.

“ಇದೇನು ಇದು?”

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. “ನಂಗೆ ಗೊತ್ತಿಲ್ಲ ಮೇಡಂ. ಎಲೆಕ್ಟ್ರಿಷಿಯನ್ ಏನೋ ಮಾಡಿರ್ತಾನೆ.”

“ಎಲೆಕ್ಟ್ರಿಷಿಯನ್‌ಗೆ ಇದರಿಂದ ಏನು ಬರುತ್ತೆ? ಹೇಳಿ ಮಾಡಿಸದೆ ಯಾರೂ ಮಾಡಲ್ಲ.”

“ಈಗ ಅದೆಲ್ಲ ಮಾತಾಡೋ ಟೈಮಲ್ಲ ಮೇಡಂ. ಹಡಗಿಗೆ ಹೋಗೋ ಮಾಲು. ನಾಳೆ ಬೆಳಿಗ್ಗೆ ಬಂದರಲ್ಲಿ ಗೇಟ್ ಮುಚ್ತಾರೆ. ಗಾಡಿ ಬಿಡಿ.”

ಯಜಮಾನರು ನಡುವೆ ಬಂದರು. ಅವರದು ಮೆತ್ತನೆಯ ಸ್ವಭಾವ. ನಮ್ಮ ಗ್ಯಾರೇಜಿಗೆ ಬರುವ ಕೆಲಸದಲ್ಲಿ ಅರ್ಧಕ್ಕರ್ಧ ಇದೇ ಕಂಪನಿಯ ಗಾಡಿಗಳದು ಎಂಬುದನ್ನು ಅವರು ಮರೆಯುವವರಲ್ಲ. “ಸಾ, ಒಂದ್ ಗಂಟೆ ಕೊಡಿ. ಹಬ್ ಮುಚ್ಚಳ ತಗ್ದು ನೋಡ್ಬುಡ್ತೀವಿ. ಏನೂ ಇಲ್ದಿದ್ರೆ ನಾವೇ ಕಳಿಸ್ತೀವಿ.” ಸೂಪರ್‌ವೈಸರ್ ಗಡಿಯಾರ ನೋಡಿಕೊಂಡು, ಒಲ್ಲದ ಮನಸ್ಸಿನಿಂದ ಹೂಂ ಅಂದರು.

ಹೊರೆ ಹೊತ್ತ ಟ್ರೇಲರ್ ಎತ್ತುವುದು ಖಾಲಿಯದನ್ನು ಎತ್ತಿದ ಹಾಗಲ್ಲ. ದೊಡ್ಡ ಹೈಡ್ರಾಲಿಕ್ ಜಾಕಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಆಕ್ಸಲ್ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು ನಿಲ್ಲಿಸಿದರು. ಟೈರಿನ ಅಡಿಗೆ ಉದ್ದ ಸಲಾಕೆ ತೂರಿಸಿ ಎತ್ತಿದಾಗ ಚಕ್ರ ‘ಡಗ್’ ಎಂದು ಮೇಲೆದ್ದು ಬಿತ್ತು. ಮೊದಲ ಸಲ ಕಂಡ ಸಣ್ಣ ಆಟ ಈಗ ಯಾರ ಕಣ್ಣಿಗಾದರೂ ಕಾಣುವಷ್ಟು ದೊಡ್ಡದಾಗಿತ್ತು. ನಾನು ಹೊಸ ಬುಶ್ ಹಾಕಿ ಒಳಕ್ಕೆ ಒತ್ತಿದ್ದ ಸೆನ್ಸರ್ ಮತ್ತೆ ಹಿಂದಕ್ಕೆ ಹೋಗಿತ್ತು. ಹಬ್ ಓಲಾಡಿದಾಗೆಲ್ಲ ಬಳೆ ಅದನ್ನು ಗುದ್ದಿ ಗುದ್ದಿ ತಳ್ಳಿತ್ತು.

ಚಕ್ರ ಬಿಚ್ಚಿ, ಹಬ್ಬಿನ ಮುಚ್ಚಳ ತೆಗೆದರು. ಗ್ರೀಸ್ ಟಾರಿನ ಬಣ್ಣಕ್ಕೆ ತಿರುಗಿತ್ತು. ಯಜಮಾನರು ಬೆರಳಲ್ಲಿ ಒಂದಿಷ್ಟು ತೆಗೆದು ಬಿಸಿಲಿಗೆ ಹಿಡಿದರು. ಒಳಗೆ ಬೆಳ್ಳಿಯ ಪುಡಿಯ ಹಾಗೆ ಕಬ್ಬಿಣದ ಚೂರು ಮಿಂಚಿತು. ಹಬ್ ಹೊರಗೆಳೆದಾಗ ಒಳಗಡೆಯ ಬೇರಿಂಗಿನ ಉರುಳೆಗಳು ಇಡಿಯಾಗಿ ಬರಲಿಲ್ಲ. ಕೆಲವು ತುಂಡಾಗಿದ್ದವು, ಕೆಲವಕ್ಕೆ ಸಿಡುಬಿನ ಕಲೆಯಂತೆ ಗುಂಡಿ ಬಿದ್ದಿದ್ದವು. ಸೀಲ್ ಹರಿದು ಗ್ರೀಸ್ ಬ್ರೇಕ್ ಲೈನಿಂಗ್ ಮೇಲೆಲ್ಲ ಹರಡಿತ್ತು. ಅಂದರೆ ಆ ಚಕ್ರಕ್ಕೆ ಬ್ರೇಕೂ ಇರಲಿಲ್ಲ.

ಡ್ರೈವರ್ ಹತ್ತಿರ ಬಂದು ಬಗ್ಗಿ ನೋಡಿದರು. ಹೋಗಿ ಕ್ಯಾಬಿನ್ನಿನಿಂದ ತಮ್ಮ ಬ್ಯಾಗು ತೆಗೆದುಕೊಂಡು ಕೆಳಗಿಟ್ಟರು.

“ಸಾ, ನಾನ್ ಇದ್ರಲ್ಲಿ ಘಾಟಿ ಇಳಿಯಾಕಿಲ್ಲ.”

ಸೂಪರ್‌ವೈಸರ್‌ಗೆ ಸಿಟ್ಟು ಬಂತು. “ನೀನಿಲ್ದಿದ್ರೆ ಇನ್ನೊಬ್ಬ. ಡ್ರೈವರಿಗೇನು ಬರವಾ?” ಎಂದು ಫೋನ್ ತೆಗೆದು ಯಾರನ್ನೋ ಕರೆದರು. ನಿಜವಾಗಿಯೂ ಕರೆದರು. ಹೊಳೆನರಸೀಪುರದಲ್ಲಿ ಯಾರೋ ಒಬ್ಬ ಖಾಲಿ ಇದ್ದಾನೆ, ಸಂಜೆಯೊಳಗೆ ಬರುತ್ತಾನೆ ಎಂದು ನಮಗೆ ಕೇಳುವ ಹಾಗೆಯೇ ಮಾತಾಡಿದರು. ನನ್ನ ತವರು ಹೊಳೆನರಸೀಪುರ. ಅಲ್ಲಿಂದ ಬಸ್ಸು ಹತ್ತಿ ಬರುವ ಆ ಡ್ರೈವರ್ ಯಾರೋ ಏನೋ, ಇಲ್ಲಿ ಏನು ಬಿಚ್ಚಿದೆ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಕೀ ಹಾಕುತ್ತಾನೆ, ದೀಪ ಹತ್ತಿ ಆರುತ್ತದೆ, ಹೊರಡುತ್ತಾನೆ.

ಆಮೇಲೆ ನಮ್ಮ ಕಡೆ ತಿರುಗಿದರು. “ಹೊಸ ಗ್ರೀಸ್ ತುಂಬಿ, ನಟ್ ಟೈಟ್ ಮಾಡಿ ಮುಚ್ಚಿ. ನಿಧಾನಕ್ಕೆ ಓಡಿಸ್ತಾನೆ. ವಾಪಸ್ ಬಂದ್ಮೇಲೆ ಹೊಸದು ಹಾಕಣ. ಆ ವೈರ್‌ನೂ ಮೊದಲಿದ್ದಂಗೇ ಮಾಡ್ಕೊಡಿ ಮೇಡಂ.”

“ಮೊದಲಿದ್ದ ಹಾಗೆ ಅಂದ್ರೆ ಯಾವ ಮೊದಲು?” ಅಂತ ಕೇಳಿದೆ.

ಅವರು ತಮ್ಮ ಕಂಪನಿಯ ಮಾಲೀಕರಿಗೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಒಂದು ಆಸೆಯಿತ್ತು ನನಗೆ. ಕೆಳಗಿನವರು ಹೆದರಿಕೆಯಿಂದ ಏನೇನೋ ಮಾಡುತ್ತಾರೆ, ಮಾಲೀಕರಿಗೆ ಗೊತ್ತಾದರೆ ನಿಲ್ಲಿಸುತ್ತಾರೆ ಎಂದು. ನಾನು ಕಂಡದ್ದನ್ನೆಲ್ಲ ಹೇಳಿದೆ: ಉರುಳೆ ತುಂಡಾಗಿರುವುದು, ಲೈನಿಂಗ್ ನೆನೆದಿರುವುದು, ಟೈಮರ್. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಕೊನೆಗೆ ಹೇಳಿದರು:

“ನೋಡಮ್ಮ, ಆ ಲೈಟು ಉರೀತಾ ಇದ್ರೆ ಎಫ್‌ಸಿ ಮಾಡ್ಸೋಕೆ ಆರ್‌ಟಿಒಗೆ ಹೋದಾಗ ತಕರಾರು, ದಾರೀಲಿ ನಿಲ್ಲಿಸಿದ್ರೆ ತಕರಾರು. ಅದಕ್ಕೆ ಒಂದು ವ್ಯವಸ್ಥೆ ಮಾಡ್ಕೊಂಡಿದೀವಿ. ಎಲ್ಲರೂ ಮಾಡ್ಕೊಂಡವ್ರೆ. ನಿಮ್ಮ ಕೆಲಸ ನೀವು ಮಾಡಿ, ನಮ್ಮ ವ್ಯವಹಾರ ನಮಗೆ ಬಿಡಿ. ನಮ್ಮ ಹುಡುಗ ಹೇಳ್ದಂಗೆ ಮಾಡ್ಕೊಡಿ.”

ಬೈದಿದ್ದರೆ ಪರವಾಗಿರಲಿಲ್ಲ. ಮನೆಗೆ ಬಂದ ನೆಂಟರಿಗೆ ಊಟ ಬಡಿಸಿ ಎನ್ನುವಷ್ಟು ಸಹಜವಾಗಿ ಹೇಳಿದರು. ಎಲ್ಲೋ ಒಬ್ಬ ಎಲೆಕ್ಟ್ರಿಷಿಯನ್ ಮಾಡಿದ ತಪ್ಪಲ್ಲ ಇದು, ಅವರ ಪದ್ಧತಿಯೇ ಇದು. ನಾನು ಫೋನ್ ವಾಪಸ್ ಕೊಟ್ಟು ಯಜಮಾನರ ಮುಖ ನೋಡಿದೆ.

“ರೀ, ನೀವು ಮುಚ್ತೀರಾ?”

ಅವರು ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಬರೆದುಕೊಟ್ಟು ಕಳಿಸಿಬಿಡೋಣ, ನಮ್ಮ ಜವಾಬ್ದಾರಿ ಇಲ್ಲ ಎಂದು ಸಹಿ ಹಾಕಿಸಿಕೊಳ್ಳೋಣ ಎಂದು ಅವರು ಹೇಳುತ್ತಾರೆ ಎಂದುಕೊಂಡಿದ್ದೆ. ಆ ಮಾತು ಅವರ ನಾಲಿಗೆಯ ತುದಿಗೆ ಬಂದದ್ದೂ ನನಗೆ ಕಾಣಿಸಿತು. ಆಮೇಲೆ ಅವರು ಸೂಪರ್‌ವೈಸರ್ ಕಡೆ ತಿರುಗಿ, “ಇಲ್ಲ ಸಾ. ಈ ಬೇರಿಂಗ್ ವಾಪಸ್ ಆಕಾಕೆ ನನ್ ಕೈ ಬರಾಕಿಲ್ಲ,” ಅಂದರು.

“ಬೇರೆ ಮೆಕ್ಯಾನಿಕ್ ಕರೆಸ್ತೀನಿ.”

“ಕರೆಸಿ ಸಾ. ಅವ್ರಿಗೂ ತೋರಿಸ್ತೀನಿ.”

ಬೇರೆ ಮೆಕ್ಯಾನಿಕ್ ಬರುತ್ತಾನೆ, ಮುಚ್ಚಿಯೇ ಮುಚ್ಚುತ್ತಾನೆ ಎಂಬುದು ನನಗೆ ಗೊತ್ತಿತ್ತು. ಗಾಡಿ ಅವರದು, ಹಿಡಿದಿಟ್ಟುಕೊಳ್ಳುವ ಅಧಿಕಾರ ನಮಗಿಲ್ಲ. ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ಗಾಡಿ ಅವರದಾದರೂ ಮಾಲು ಅವರದಲ್ಲ. ತುಂಡಾದ ಉರುಳೆಗಳ, ನೆನೆದ ಲೈನಿಂಗಿನ, ಟೈಮರಿನ ಫೋಟೋ ತೆಗೆದೆ. ಡ್ರೈವರ್ ಹತ್ತಿರ ಕಾರ್ಖಾನೆಯಲ್ಲಿ ಮಾಲು ರವಾನೆ ನೋಡಿಕೊಳ್ಳುವವರ ನಂಬರ್ ಇತ್ತು. ಸೂಪರ್‌ವೈಸರ್ ಎದುರಿಗೇ ಫೋನ್ ಮಾಡಿದೆ. ಬಚ್ಚಿಟ್ಟುಕೊಂಡು ಮಾಡುವ ಕೆಲಸವೇನಲ್ಲ ಅದು.

“ನೀವು ಯಾರ ಹೊಟ್ಟೆ ಮೇಲೆ ಹೊಡೀತಿದೀರ ಗೊತ್ತಾ ಮೇಡಂ?” ಅಂದರು ಸೂಪರ್‌ವೈಸರ್.

“ನಮ್ಮದರ ಮೇಲೂ ಬೀಳುತ್ತೆ. ಗೊತ್ತು,” ಅಂದೆ.

ರವಾನೆಯವರು ಮೊದಲು ನನ್ನ ಮೇಲೇ ರೇಗಿದರು. ಗ್ಯಾರೇಜಿನವರು ಯಾಕೆ ಫೋನ್ ಮಾಡುತ್ತಾರೆ, ಇದು ಸಾರಿಗೆಯವರ ತಲೆನೋವು, ನಮಗೆ ಮಾಲು ಮುಟ್ಟಬೇಕು ಅಷ್ಟೇ ಎಂದರು. ಫೋಟೋ ಕಳಿಸಿದ ಮೇಲೆ ಅವರೇ ಕಾರಿನಲ್ಲಿ ಬಂದರು. ಕೆಳಗೆ ಹಾಸಿದ ಗೋಣಿಯ ಮೇಲಿದ್ದ ಬೇರಿಂಗನ್ನು ಬೂಟಿನ ತುದಿಯಲ್ಲಿ ಸರಿಸಿ ನೋಡಿದರು. ಅವರಿಗೆ ಬೇರಿಂಗಿನ ವಿಷಯ ತಿಳಿಯುತ್ತಿತ್ತೋ ಇಲ್ಲವೋ, ಕಂಟೇನರ್ ಘಾಟಿಯಲ್ಲಿ ಉರುಳಿದರೆ ತಾವು ಎಷ್ಟು ಜನರಿಗೆ ಉತ್ತರ ಕೊಡಬೇಕು ಎಂಬುದಂತೂ ತಿಳಿಯುತ್ತಿತ್ತು. ಪಕ್ಕಕ್ಕೆ ಹೋಗಿ ಸಾರಿಗೆಯ ಮಾಲೀಕರ ಜೊತೆ ಮಾತಾಡಿದರು. ವಾಪಸ್ ಬಂದು, “ಮಾಲು ಮುಂದಿನ ಹಡಗಿಗೆ ಹೋಗುತ್ತೆ. ಹೊಸ ಬೇರಿಂಗ್ ಹಾಕದೆ ಗಾಡಿ ಕದಲೋ ಹಾಗಿಲ್ಲ,” ಅಂದರು. ನನ್ನ ಕಡೆ ಒಂದು ಮಾತೂ ಆಡದೆ ಹೊರಟುಹೋದರು. ನಾನು ಅವರಿಂದ ಒಳ್ಳೆಯ ಮಾತು ಬಯಸಿಯೂ ಇರಲಿಲ್ಲ.

ಆ ಅಳತೆಯ ಬೇರಿಂಗ್ ಹಾಸನದಲ್ಲಿ ಸಿಗಲಿಲ್ಲ. ಒಂದು ಅಂಗಡಿಯವರು ನಕಲಿಯದನ್ನು ತೋರಿಸಿ ಇದೇ ಅದು ಎಂದು ಆಣೆ ಮಾಡಿದರಂತೆ. ಯಜಮಾನರು ಮುಟ್ಟದೆ ಬಂದರು. ಮೈಸೂರಿನಿಂದ ಬಸ್ಸಿನಲ್ಲಿ ಪಾರ್ಸಲ್ ತರಿಸಿದೆವು. ಅಲ್ಲಿಯವರೆಗೆ ಡ್ರೈವರ್ ಎಲ್ಲಿಗೂ ಹೋಗಲಿಲ್ಲ. ತಮ್ಮ ಬ್ಯಾಗನ್ನು ನಮ್ಮ ಗ್ಯಾರೇಜಿನ ಬೆಂಚಿನ ಕೆಳಗಿಟ್ಟುಕೊಂಡು ಗಾಡಿ ಕಾದರು. ಹೊಳೆನರಸೀಪುರದಿಂದ ಆ ಇನ್ನೊಬ್ಬ ಡ್ರೈವರ್ ಬಂದೂ ಬಂದ. ನಮ್ಮ ಡ್ರೈವರ್ ಅವನನ್ನು ಕರೆದುಕೊಂಡು ಹೋಗಿ ಬಿಚ್ಚಿದ ಹಬ್ ತೋರಿಸಿದರು. ಅವನು ಒಂದು ಟೀ ಕುಡಿದು, ಬಂದ ದಾರಿಯಲ್ಲೇ ಹೋದ.

ಮಾರನೆಯ ದಿನ ಹಬ್ ಕೂರುವ ಸ್ಪಿಂಡಲ್ ಉಜ್ಜಿ ನುಣುಪು ಮಾಡಿ, ಎರಡೂ ಬೇರಿಂಗ್, ಸೀಲ್, ಲೈನಿಂಗ್ ಹೊಸದು ಹಾಕಿದರು. ನಟ್ಟನ್ನು ಮೊದಲು ಬಿಗಿದು, ಚಕ್ರ ತಿರುಗಿಸಿ, ಆಮೇಲೆ ಬೇಕಾದಷ್ಟೇ ಸಡಿಲಿಸಿ ಲಾಕ್ ಮಾಡುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಸೆನ್ಸರ್ ಒಳಕ್ಕೆ ಒತ್ತಿದೆ. ಕ್ಯಾಬಿನ್ನಿನಲ್ಲಿ ಕತ್ತರಿಸಿದ್ದ ತಂತಿಯನ್ನು ಹುಡುಕಿ, ಟೇಪು ಕಿತ್ತು, ದೀಪಕ್ಕೆ ಮೊದಲಿನಂತೆ ಬೆಸೆದೆ. ಕೀ ಹಾಕಿದಾಗ ದೀಪ ಹತ್ತಿತು, ಆರಲಿಲ್ಲ. ಡ್ರೈವರ್ ಗಾಡಿಯನ್ನು ಮುಂದಕ್ಕೆ ಬಿಟ್ಟರು. ರಸ್ತೆ ಸೇರುವಷ್ಟರಲ್ಲಿ ಆರಿತು. ಹೆದ್ದಾರಿಯಲ್ಲಿ ಹೋಗಿ, ತಿರುಗಿಸಿ, ಬ್ರೇಕ್ ಒತ್ತಿ ನಿಲ್ಲಿಸಿ, ಮತ್ತೆ ಓಡಿಸಿ ನೋಡಿದೆವು. ಎಲ್ಲೂ ಹತ್ತಲಿಲ್ಲ.

“ಈಗ ಓಯ್ತೀನಿ ಕಣವ್ವಾ,” ಎಂದು ಅವರು ಬ್ಯಾಗು ಮೇಲಕ್ಕೆಸೆದು ಹತ್ತಿದರು.

ಮುಂದೆ ಏನಾಯಿತು ಎಂದರೆ, ನಾವು ಅಂದುಕೊಂಡದ್ದೇ. ಆ ಕಂಪನಿಯ ಗಾಡಿಗಳು ನಮ್ಮಲ್ಲಿ ನಿಲ್ಲುವುದು ನಿಂತಿತು. ಎದುರಿಗೇ ಹಾದುಹೋಗುತ್ತಿದ್ದವು. ನಮ್ಮ ಗ್ಯಾರೇಜಿನಲ್ಲಿ ಕೆಲವು ವಾರ ಬೆಳಗ್ಗೆ ಬಾಗಿಲು ತೆಗೆದು ಸುಮ್ಮನೆ ಕೂರುವ ಹಾಗಾಯಿತು. ಯಜಮಾನರು ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ನನಗೆ ಜಗಳವಾಡಿ ಹಗುರಾಗಬಹುದಿತ್ತು. ಸಾಲಗಾಮೆ ಕಡೆಯ ಟ್ರ್ಯಾಕ್ಟರುಗಳ ಕೆಲಸ ಹಿಡಿದು ದಿನ ದೂಡಿದೆವು. ರಸ್ತೆಯಲ್ಲಿ ಅವರ ಟ್ರೇಲರ್ ಹೋದಾಗೆಲ್ಲ ನನ್ನ ಕಣ್ಣು ನಡುವಿನ ಆಕ್ಸಲ್ ಮೇಲೆ ಹೋಗುತ್ತಿತ್ತು. ನೋಡಿ ಏನು ಮಾಡುತ್ತೀಯ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅದೇ ಕಂಪನಿಯ ಖಾಲಿ ಟ್ರೇಲರ್ ಒಂದು ಹೆದ್ದಾರಿಯಿಂದ ಇಳಿದು ನಮ್ಮ ಅಂಗಳಕ್ಕೆ ಬಂತು. ಹಿಂದೆಯೇ ಬೈಕಿನಲ್ಲಿ ಸೂಪರ್‌ವೈಸರ್. ಬೈಕ್ ಸ್ಟ್ಯಾಂಡ್ ಹಾಕಿ, ಆಚೀಚೆ ನೋಡಿ, ನನ್ನ ಹತ್ತಿರ ಬಂದರು. ಇವತ್ತು ಮೇಡಂ ಅನ್ನಲಿಲ್ಲ.

“ಅಕ್ಕಾ, ಈ ಗಾಡಿ ಒಂದ್ಸಲ ನೋಡ್ಬುಡಿ. ಪೂರ್ತಿ ನೋಡಿ. ನಮ್ ಮಾಲೀಕ್ರಿಗೆ ಗೊತ್ತಾಗೋದು ಬೇಡ, ಖರ್ಚು ನಾನೇ ಕೊಡ್ತೀನಿ.”

“ಇದಕ್ಕೇನು ಅಂಥ ವಿಶೇಷ?”

ಅವರು ಕ್ಯಾಬಿನ್ ಕಡೆ ನೋಡಿದರು. ಸ್ಟೀರಿಂಗ್ ಹಿಂದೆ ಒಬ್ಬ ಯುವಕ ಕೂತಿದ್ದ. ಅದೇ ಮೂಗು, ಅದೇ ಹಣೆ. “ನನ್ ತಮ್ಮ. ಈ ವಾರ ಇದಕ್ಕೆ ಹಾಕವ್ರೆ. ನಾಳೆ ಲೋಡ್ ಮಾಡ್ಕೊಂಡು ಘಾಟಿ ಇಳೀಬೇಕು.”

ನನಗೆ ಸಿಟ್ಟು ಬಂತು. ಅರಕಲಗೂಡಿನ ಆ ಹಿರಿಯರು ಯಾರ ಅಣ್ಣನೂ ಅಲ್ಲವೇ, ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬಂದವನಿಗೆ ಮನೆಯಿರಲಿಲ್ಲವೇ ಎಂದು ಕೇಳಬೇಕೆನಿಸಿತು. ಕೇಳಿಯೂ ಬಿಟ್ಟೆ. “ಡ್ರೈವರಿಗೇನು ಬರ ಅಂದಿದ್ರಿ ಅವತ್ತು. ತಮ್ಮನ ಬದಲು ಇನ್ನೊಬ್ಬರನ್ನ ಕರೆಸಿ.”

ಅವರು ತಲೆ ತಗ್ಗಿಸಿಕೊಂಡು ನಿಂತರು, ಹೋಗಲಿಲ್ಲ. ಯಜಮಾನರು ಆಗಲೇ ಟ್ರೇಲರ್ ಚಕ್ರಗಳಿಗೆ ಅಡೆ ಕೊಡುತ್ತಿದ್ದರು. ನಾನು ಕ್ಯಾಬಿನ್ ಹತ್ತಿದೆ. ಯುವಕ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಕೀ ತಿರುಗಿಸಿದೆ. ಹಳದಿ ದೀಪ ಹತ್ತಿತು, ಗಾಡಿ ನಿಂತಿದ್ದ ಹಾಗೇ ಆರಿತು. ಕೆಳಗಿನ ಮುಚ್ಚಳ ತೆಗೆದು ಕೈ ಹಾಕಿ, ಟೇಪಿನ ಗಂಟನ್ನು ಹೊರಗೆಳೆದು ಅವನ ಅಂಗೈ ಮೇಲಿಟ್ಟೆ. ಇದೇನು ಎಂದು ಕೇಳಿದ. ಹೇಳಿದೆ, ಒಂದೂ ಬಿಡದೆ ಹೇಳಿದೆ.

ಅವನು ಅದನ್ನು ಹಿಡಿದುಕೊಂಡು ಕೆಳಗಿಳಿದ. ಅಣ್ಣನ ಎದುರು ಹೋಗಿ ನಿಂತ.

“ಅಣ್ಣ, ನಿಂಗಿದು ಗೊತ್ತಿತ್ತಾ?”

ಸೂಪರ್‌ವೈಸರ್ ನನ್ನ ಕಡೆ ನೋಡಿದರು. ಅವರ 'ನಂಗೆ ಗೊತ್ತಿಲ್ಲ' ಎಂಬ ಮಾತನ್ನು ನಾನು ಒಮ್ಮೆ ಕೇಳಿದ್ದೆ. ಈ ಸಲ ಅದು ಅವರ ಬಾಯಿಂದ ಬರಲಿಲ್ಲ. ನಾನು ಮೀಟರ್ ತೆಗೆದುಕೊಂಡು, ಅವರಿಬ್ಬರನ್ನೂ ಅಲ್ಲೇ ಬಿಟ್ಟು, ಟ್ರೇಲರ್ ಅಡಿಗೆ ಹೋದೆ.